ಖಾಲಿ 29-30ಕ್ಕೆ ಸೈನ್ ಹಾಕಿದ ಕಾರು: ನನ್ನ ಹೆಸರಿಗೆ ಮಾಡಿಸದೆ ಮಾರಬಹುದಾ?

ಹೊಸಗೇರು
ಎಲ್ಲರಿಗೂ ನಮಸ್ಕಾರ. ಪರಿಚಯದವರೊಬ್ಬರು ಮುಂದಿನ ತಿಂಗಳು ಕೆಲಸದ ಮೇಲೆ ದುಬೈಗೆ ಹೊರಟಿದ್ದಾರೆ. ಅವರ ಹತ್ತಿರ 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ. ಸಿಂಗಲ್ ಓನರ್, ಕೆಎ ರಿಜಿಸ್ಟ್ರೇಷನ್, 3.20 ಲಕ್ಷಕ್ಕೆ ಕೊಡುತ್ತೇನೆ ಅಂದಿದ್ದಾರೆ. ಟೈರ್ ಸವೆದಿದೆ, ಎಡಗಡೆ ಬಾಗಿಲಲ್ಲಿ ಒಂದು ಡೆಂಟ್ ಇದೆ. ಅಷ್ಟು ಸರಿ ಮಾಡಿಸಿದರೆ 3.75ಕ್ಕೆ ಆರಾಮಾಗಿ ಹೋಗುತ್ತೆ ಅನ್ನುವುದು ನನ್ನ ಲೆಕ್ಕ. ನನಗೆ ಓಡಿಸೋಕೆ ಕಾರು ಬೇಡ, ತೆಗೆದುಕೊಳ್ಳುವುದೇ ಮಾರೋಕೆ.

ಗಾಡಿ ಬೇರೆಯವರ ಹೆಸರಿಗೆ ಮಾಡಿಸುವ ಫಾರಂ 29, 30 ಎರಡಕ್ಕೂ ಖಾಲಿ ಸೈನ್ ಹಾಕಿ ಕೊಡ್ತೀನಿ, ನೀನು ಯಾರಿಗೆ ಮಾರ್ತೀಯೋ ಅವರ ಹೆಸರು ತುಂಬಿಸಿಕೋ ಅಂತ ಅವರೇ ಹೇಳುತ್ತಿದ್ದಾರೆ. ನನ್ನ ಹೆಸರಿಗೆ ಮಾಡಿಸಿದರೆ ನಾನು ಸೆಕೆಂಡ್ ಓನರ್, ನನ್ನಿಂದ ಕೊಳ್ಳುವವರು ಥರ್ಡ್ ಓನರ್ ಆಗುತ್ತಾರೆ. ರೇಟು ಬೀಳುತ್ತೆ. ಏನು ಮಾಡಲಿ? ಲಾಭದ ಮೇಲೆ ಟ್ಯಾಕ್ಸ್ ಏನಾದರೂ ಇದೆಯಾ? ಜಿಎಸ್‌ಟಿ 18 ಪರ್ಸೆಂಟ್ ಅಂತ ಯಾರೋ ಹೆದರಿಸಿದರು.

ಯಾರ್ಡ್‌ಮಾಮ
ಸರ್, ಇಷ್ಟಕ್ಕೆಲ್ಲಾ ಟೆನ್ಷನ್ ಯಾಕೆ. ನಾನು ಈ ವ್ಯವಹಾರದಲ್ಲಿ ಬಹಳ ವರ್ಷದಿಂದ ಇದ್ದೀನಿ. ಗಾಡಿ ಬರುತ್ತೆ, ಪಾರ್ಟಿ ಹತ್ತಿರ 29-30ಕ್ಕೆ ಸೈನ್ ತಗೊಳ್ತೀವಿ, ಆಧಾರ್ ಜೆರಾಕ್ಸ್ ತಗೊಳ್ತೀವಿ, ಗಾಡಿ ಹೋಗುತ್ತೆ. ಮಧ್ಯದಲ್ಲಿ ನಮ್ಮ ಹೆಸರಿಗೆ ಮಾಡಿಸುತ್ತಾ ಕೂತರೆ ಕಮಿಷನ್ ಎಲ್ಲಾ ಆರ್‌ಟಿಒಗೇ ಹೋಗುತ್ತೆ. ಸಿಂಗಲ್ ಓನರ್ ಗಾಡಿಗೂ ಸೆಕೆಂಡ್ ಓನರ್ ಗಾಡಿಗೂ ಮಾರ್ಕೆಟ್ಟಲ್ಲಿ ವ್ಯತ್ಯಾಸ ಇರೋದು ನಿಜ. ಗಾಡಿ ಯಾವಾಗ ಯಾರ ಕೈಗೆ ಹೋಯಿತು ಅನ್ನುವ ಡೆಲಿವರಿ ನೋಟ್ ಒಂದು ಸರಿಯಾಗಿ ಬರೆಸಿಕೊಳ್ಳಿ, ಸಾಕು.

ಕೋರ್ಟುಕಟ್ಟೆ
ಯಾರ್ಡ್‌ಮಾಮ ಅವರು ಹೇಳಿದ್ದು ನಡೆಯುತ್ತಿರುವ ಪದ್ಧತಿ, ಇಲ್ಲ ಅನ್ನಲ್ಲ. ಆದರೆ ಎಡವಟ್ಟಾದರೆ ಯಾರ ತಲೆ ಮೇಲೆ ಬರುತ್ತೆ ಅನ್ನೋದನ್ನೂ ಹೇಳಬೇಕಲ್ವಾ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 50 ನೋಡಿ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗಾಡಿ ಬೇರೆ ರಾಜ್ಯಕ್ಕೆ ಹೋದರೆ 45 ದಿನ. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಫಾರಂ 29 ಮಾರುವವರು ಕೊಡುವ ತಿಳಿವಳಿಕೆ, ಫಾರಂ 30 ವರ್ಗಾವಣೆಯ ಅರ್ಜಿ. ಖಾಲಿ ಬಿಟ್ಟು ಜೇಬಲ್ಲಿ ಇಟ್ಟುಕೊಳ್ಳೋಕೆ ಅಂತ ಆ ಫಾರಂಗಳನ್ನು ಮಾಡಿಲ್ಲ.

ಇನ್ನು ಓನರ್ ಅಂದರೆ ಯಾರು? ಸೆಕ್ಷನ್ 2(30)ರ ಪ್ರಕಾರ ಗಾಡಿ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆಯೋ ಅವರು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಅಂತ 2018ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಅದರಲ್ಲಿ ಕಾರು ಕೈಯಿಂದ ಕೈಗೆ ಮಾರಾಟ ಆಗಿತ್ತು, ಆರ್‌ಸಿ (ನೋಂದಣಿ ಪತ್ರ) ಮಾತ್ರ ಮೊದಲನೆಯವರ ಹೆಸರಲ್ಲೇ ಇತ್ತು. 2009ರಲ್ಲಿ ಅಪಘಾತ ಆಯಿತು. ನಾನು ಯಾವತ್ತೋ ಮಾರಿದ್ದೇನೆ ಅಂತ ಮೊದಲನೆಯವರು ವಾದಿಸಿದರು. ಆರ್‌ಸಿಯಲ್ಲಿ ಹೆಸರು ಇರುವವರೇ ಪರಿಹಾರಕ್ಕೆ ಹೊಣೆ ಅಂತ ಕೋರ್ಟ್ ಹೇಳಿತು. ಪೆಟ್ಟು ತಿಂದ ಬಡಪಾಯಿ ಯಾರ್ಯಾರ ಕೈಗೆ ಗಾಡಿ ಹೋಗಿತ್ತು ಅಂತ ಹುಡುಕಿಕೊಂಡು ಅಲೆಯಬಾರದು ಅನ್ನೋದು ಅದರ ಹಿಂದಿನ ಯೋಚನೆ.

ಹೊಸಗೇರು ಅವರೇ, ಇಲ್ಲಿ ಹೆದರಬೇಕಾದವರು ಮೊದಲು ನಿಮ್ಮ ಪರಿಚಯದವರು. ದುಬೈನಲ್ಲಿ ಕೂತು ಇಲ್ಲಿನ ಕ್ಲೇಮು ಕೇಸಿಗೆ ಉತ್ತರ ಕೊಡಬೇಕಾಗುತ್ತೆ. ಆಮೇಲೆ ನೀವು. ನಿಮ್ಮ ಕೈಯಲ್ಲಿ ಕಾರು ಇರುತ್ತೆ, ದುಡ್ಡು ಕೊಟ್ಟಿರುತ್ತೀರಿ, ಆದರೆ ದಾಖಲೆಯಲ್ಲಿ ನೀವು ಯಾರೂ ಅಲ್ಲ.

ಮಾರಿದವಳು
ಇದನ್ನು ಓದಿ ಬರೆಯದೆ ಇರೋಕೆ ಆಗಲಿಲ್ಲ. ನಮ್ಮ ಹಳೇ ಕಾರನ್ನು ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಒಂದು ಯಾರ್ಡಿಗೆ ಕೊಟ್ಟೆವು. ಖಾಲಿ ಫಾರಂಗಳಿಗೆ ಸೈನ್ ತಗೊಂಡರು. ವಾರದಲ್ಲಿ ಟ್ರಾನ್ಸ್‌ಫರ್ ಆಗುತ್ತೆ ಮೇಡಂ ಅಂದರು. ಆಮೇಲೆ ಶುರುವಾಯಿತು ನೋಡಿ ಮೆಸೇಜು. ಸಿಗ್ನಲ್ ಜಂಪ್, ಓವರ್ ಸ್ಪೀಡ್, ಸೀಟ್ ಬೆಲ್ಟ್, ಎಲ್ಲಾ ನನ್ನ ಮೊಬೈಲಿಗೆ. ಫೋಟೋದಲ್ಲಿ ನಮ್ಮ ಕಾರು, ಹಿಂದಿನ ಗಾಜಿನ ಮೇಲೆ ನನ್ನ ಮಗಳು ಅಂಟಿಸಿದ ಚಿಟ್ಟೆ ಸ್ಟಿಕ್ಕರ್ ಹಾಗೇ ಇದೆ, ಓಡಿಸುತ್ತಿರುವವನು ಯಾರೋ ಗೊತ್ತಿಲ್ಲ. ಯಾರ್ಡಿನವರನ್ನು ಕೇಳಿದರೆ "ಪಾರ್ಟಿ ಮಾಡಿಸಿಕೊಳ್ತಾರೆ ಮೇಡಂ". ಯಾವ ಪಾರ್ಟಿ? ಅವರಿಗೇ ಗೊತ್ತಿಲ್ಲ, ಯಾಕಂದರೆ ಅವರು ಇನ್ನೊಬ್ಬ ಬ್ರೋಕರಿಗೆ ದಾಟಿಸಿದ್ದರು.

ಯಾರ್ಡ್‌ಮಾಮ
ಮೇಡಂ, ಎಲ್ಲರೂ ಹಾಗೆ ಇರಲ್ಲ. ಡೇಟು, ಟೈಮು ಹಾಕಿದ ಡೆಲಿವರಿ ನೋಟ್ ಇದ್ದರೆ ಆ ಫೈನ್ ನಿಮ್ಮ ಮೇಲೆ ನಿಲ್ಲಲ್ಲ.

ಕೋರ್ಟುಕಟ್ಟೆ
ಡೆಲಿವರಿ ನೋಟ್ ಬೇಕು, ಖಂಡಿತ. ಗಾಡಿಯಿಂದ ಏನಾದರೂ ಅಪರಾಧ ಆದರೆ ಪೊಲೀಸರು ಮೊದಲು ಹೋಗುವುದು ಆರ್‌ಸಿ ವಿಳಾಸಕ್ಕೆ. ಆಗ ಯಾರು ಓಡಿಸುತ್ತಿದ್ದರು ಅಂತ ತಿಳಿಸಬೇಕಾದದ್ದು ಸೆಕ್ಷನ್ 133ರಲ್ಲಿ ಓನರ್ ಜವಾಬ್ದಾರಿ. ಅಲ್ಲಿ ಆ ಚೀಟಿ ಉಪಯೋಗಕ್ಕೆ ಬರುತ್ತೆ. ಪರಿಹಾರದ ಕೇಸಲ್ಲಿ ಮಾತ್ರ ಅದನ್ನು ತೋರಿಸಿ ಪಾರಾಗೋಕೆ ಆಗಲ್ಲ. ಮಾರಿದವಳು ಅವರೇ, ಡೆಲಿವರಿ ನೋಟ್ ನಕಲು ಇಟ್ಟು ಆರ್‌ಟಿಒಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಯಾರ್ಡಿಗೂ ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟಿಸ್ ಕಳಿಸಿ.

ಗ್ಯಾರೇಜ್ ಗಣಿತ
ಓಟಿಪಿ ವಿಷಯ ಯಾರೂ ಎತ್ತಲಿಲ್ಲ. ಈಗ ಟ್ರಾನ್ಸ್‌ಫರ್ ಅರ್ಜಿ ಸರ್ಕಾರದ ಪರಿವಾಹನ್ ಪೋರ್ಟಲ್ಲಿನಲ್ಲೇ ಶುರುವಾಗೋದು. ಓಟಿಪಿ ಹೋಗೋದು ವಾಹನ್ ದಾಖಲೆಯಲ್ಲಿ ಇರುವ ಮೊಬೈಲಿಗೆ, ಅಂದರೆ ಮಾರುವವರ ನಂಬರಿಗೆ. ಅವರು ದುಬೈಗೆ ಹೋಗಿ ಇಲ್ಲಿನ ಸಿಮ್ ಬಂದ್ ಮಾಡಿದರೆ? ನಿಮ್ಮ ಕೈಯಲ್ಲಿ ಸೈನ್ ಹಾಕಿದ 29-30 ಇರುತ್ತೆ, ಮುಂದಕ್ಕೆ ಹೋಗೋಕೆ ದಾರಿ ಇರಲ್ಲ. ಆ ಕಡೆ 3.75 ಕೊಡುವ ಗಿರಾಕಿ ಅಡ್ವಾನ್ಸ್ ಕೊಟ್ಟು ಕಾಯುತ್ತಾ ಕೂತಿರುತ್ತಾರೆ. ಖಾಲಿ ಸೈನಿನ ಓಪನ್ ಪೇಪರ್ ಕಾಲದ ಅರ್ಧ ಅನುಕೂಲ ಈ ಓಟಿಪಿಯಿಂದಲೇ ಹೋಯಿತು ಅನ್ನೋದು ನನ್ನ ಅಭಿಪ್ರಾಯ. ಅವರು ವಿಮಾನ ಹತ್ತುವ ಮುಂಚೆ ಎಲ್ಲಾ ಮುಗಿಸಿ.

ಹೊಸಗೇರು
ಓಟಿಪಿ ಯೋಚನೆಯೇ ಬಂದಿರಲಿಲ್ಲ ಗುರುಗಳೇ. ಇನ್ಶೂರೆನ್ಸ್ ಕಥೆ ಏನು? ಅವರ ಪಾಲಿಸಿ ಇನ್ನೂ ಆರು ತಿಂಗಳು ಇದೆ. ಅದೇ ನಡೆಯುತ್ತಲ್ವಾ?

ಗ್ಯಾರೇಜ್ ಗಣಿತ
ಅರ್ಧ ನಡೆಯುತ್ತೆ. ಮಾಲೀಕತ್ವ ಬದಲಾದಾಗ ಥರ್ಡ್ ಪಾರ್ಟಿ ಭಾಗ, ಅಂದರೆ ಗಾಡಿಯಿಂದ ಬೇರೆಯವರಿಗೆ ಆದ ಹಾನಿಯದ್ದು, ತಾನಾಗೇ ಕೊಂಡವರಿಗೆ ಬರುತ್ತೆ ಅಂತ ಸೆಕ್ಷನ್ 157 ಹೇಳುತ್ತೆ. 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ಬರೆದು ಪಾಲಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ನಿಮ್ಮ ಗಾಡಿಗೇ ಆದ ಹಾನಿಯ ಭಾಗ, ಅಂದರೆ ಓನ್ ಡ್ಯಾಮೇಜ್, ಹಾಗೆ ತಾನಾಗೇ ಬರಲ್ಲ. ಇದು 1996ರಷ್ಟು ಹಿಂದೆಯೇ ಸುಪ್ರೀಂ ಕೋರ್ಟಲ್ಲಿ ತೀರ್ಮಾನ ಆಗಿದೆ. ನೀವು ಟೈರ್ ಹಾಕಿಸೋಕೆ ಅಂತ ಓಡಿಸಿಕೊಂಡು ಹೋಗಿ ಗೋಡೆಗೆ ಗುದ್ದಿದರೆ ಪಾಲಿಸಿ ಇರುವವರು ಕಾರನ್ನು ಮಾರಿಬಿಟ್ಟಿದ್ದಾರೆ, ಕೊಂಡ ನಿಮ್ಮ ಹೆಸರಲ್ಲಿ ಪಾಲಿಸಿ ಇಲ್ಲ. ಕ್ಲೇಮ್ ತಳ್ಳಿಹಾಕೋಕೆ ಕಂಪನಿಗೆ ಬೇರೆ ಕಾರಣ ಬೇಡ.

ಇನ್ನೊಂದು, ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಗಾಡಿಯದಲ್ಲ, ಮನುಷ್ಯರದು. ನಿಮ್ಮ ಪರಿಚಯದವರು ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಬೇರೆ ಕಾರಿಗೆ ಬಳಸಬಹುದು. 50 ಪರ್ಸೆಂಟ್ ತನಕ ಇರುತ್ತೆ, ಸಣ್ಣ ದುಡ್ಡಲ್ಲ. ಅವರಿಗೆ ಹೇಳಿ, ಖುಷಿಯಲ್ಲಿ ಬೆಲೆ ಇನ್ನೊಂದೈದು ಸಾವಿರ ಇಳಿಸಿದರೂ ಇಳಿಸಬಹುದು 😄

ಲೆಕ್ಕದಮ್ಮ
ತೆರಿಗೆ ಬಗ್ಗೆ ನಾನು ಬರೆಯುತ್ತೇನೆ. ದಿನಾ ಇದೇ ಕೆಲಸ.

ಮೊದಲು ಜಿಎಸ್‌ಟಿ, ಯಾಕಂದರೆ ಸುಮ್ನೆ ಗಾಬರಿ ಅಲ್ಲೇ ಜಾಸ್ತಿ. 2024 ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ 55ನೇ ಜಿಎಸ್‌ಟಿ ಕೌನ್ಸಿಲ್ ಸಭೆಯಲ್ಲಿ ಹಳೇ ಗಾಡಿಗಳಿಗೆಲ್ಲಾ 18 ಪರ್ಸೆಂಟ್ ಅಂತ ಮಾಡಿದರು. ಅದಕ್ಕೂ ಮುಂಚೆ ಸಣ್ಣ ಕಾರುಗಳಿಗೆ 12 ಇತ್ತು, ದೊಡ್ಡವಕ್ಕೆ 18. 2025 ಜನವರಿಯಿಂದ ಎಲ್ಲಕ್ಕೂ ಒಂದೇ ದರ, ಎಲೆಕ್ಟ್ರಿಕ್ ಕೂಡ ಸೇರಿ. ವಾಟ್ಸಾಪಲ್ಲಿ ಇದು "ಹಳೇ ಕಾರು ಮಾರಿದರೆ 18 ಪರ್ಸೆಂಟ್ ಕಟ್ಟಬೇಕು" ಅಂತ ಓಡಾಡಿತು. ಹಾಗಲ್ಲ. ಇದು ಜಿಎಸ್‌ಟಿ ನೋಂದಣಿ ಇರುವವರಿಗೆ ಮಾತ್ರ. ಅದೂ ಪೂರ್ತಿ ಬೆಲೆಯ ಮೇಲೆ ಅಲ್ಲ, ಮಾರ್ಜಿನ್ ಮೇಲೆ. ನಷ್ಟಕ್ಕೆ ಮಾರಿದರೆ ಜಿಎಸ್‌ಟಿ ಸೊನ್ನೆ. ನೋಂದಣಿ ಇಲ್ಲದ ಒಬ್ಬರು ಇನ್ನೊಬ್ಬರಿಗೆ ಸ್ವಂತ ಕಾರು ಮಾರಿದರೆ ಜಿಎಸ್‌ಟಿ ಬರುವುದೇ ಇಲ್ಲ.

ಹೊಸಗೇರು ಅವರ ಲೆಕ್ಕಕ್ಕೆ ಹಾಕಿ ನೋಡೋಣ. ಅವರಿಗೆ ಜಿಎಸ್‌ಟಿ ನೋಂದಣಿ ಇದ್ದಿದ್ದರೆ 3.75ರಲ್ಲಿ 3.20 ಕಳೆದು 55,000. ಅದಕ್ಕೆ 18 ಪರ್ಸೆಂಟ್, 9,900 ರೂಪಾಯಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಟೈರಿಗೆ, ಡೆಂಟಿಗೆ ಹಾಕಿದ ದುಡ್ಡನ್ನು ಈ ಮಾರ್ಜಿನ್‌ನಿಂದ ಕಳೆಯೋಕೆ ಆಗಲ್ಲ. ಕೊಂಡ ಬೆಲೆ, ಮಾರಿದ ಬೆಲೆ, ಅಷ್ಟೇ. ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಮುರಿದುಕೊಳ್ಳುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತೆಗೆದುಕೊಂಡರೆ ಈ ಮಾರ್ಜಿನ್ ಸೌಲಭ್ಯವೂ ಇಲ್ಲ. ಹೊಸದಾಗಿ ಯಾರ್ಡ್ ಹಾಕುವವರು ಇಲ್ಲೇ ಮುಗ್ಗರಿಸುತ್ತಾರೆ.

ಆದಾಯ ತೆರಿಗೆ ಬೇರೆ ಕಥೆ. ಸ್ವಂತಕ್ಕೆ ಓಡಿಸಿದ ಕಾರು ವೈಯಕ್ತಿಕ ವಸ್ತು, ಕ್ಯಾಪಿಟಲ್ ಅಸೆಟ್ ಅಲ್ಲ. ಆದ್ದರಿಂದ ನಿಮ್ಮ ಪರಿಚಯದವರಿಗೆ ಕ್ಯಾಪಿಟಲ್ ಗೇನ್ ಅನ್ನೋದೇ ಇಲ್ಲ. ನಷ್ಟವನ್ನೂ ಎಲ್ಲೂ ತೋರಿಸೋಕೆ ಆಗಲ್ಲ. ನೀವು ಹಾಗಲ್ಲ. ಮಾರೋಕೇ ಅಂತ ಕೊಳ್ಳುತ್ತಿದ್ದೀರಿ, ಮೊದಲ ಪೋಸ್ಟಲ್ಲೇ ಬರೆದಿದ್ದೀರಿ ಕೂಡ. ಒಂದೇ ಒಂದು ವ್ಯವಹಾರ ಆದರೂ ಉದ್ದೇಶ ವ್ಯಾಪಾರದ್ದಾದರೆ ಬಂದ ಲಾಭ ವ್ಯಾಪಾರದ ಆದಾಯವೇ. ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ಇಲ್ಲಿ ಟೈರು, ಪೇಂಟು, ಟ್ರಾನ್ಸ್‌ಫರ್ ಶುಲ್ಕ, ಬ್ರೋಕರ್ ಕಮಿಷನ್ ಎಲ್ಲಾ ಖರ್ಚು ಕಳೆಯಬಹುದು. ಬಿಲ್ ಇಟ್ಟುಕೊಳ್ಳಿ, ಗ್ಯಾರೇಜಿನವರು ಹಾಳೆ ಹರಿದು ಬರೆದುಕೊಡುವ ಚೀಟಿ ನಂಬಬೇಡಿ. ಸಂಬಳದವರಾದರೆ ತೆರಿಗೆ ರಿಟರ್ನ್ ಫಾರಂ ಐಟಿಆರ್-1 ಹಾಕೋ ಹಾಗಿಲ್ಲ, 3 ಅಥವಾ 4 ಆಗುತ್ತೆ. ಇದನ್ನು ಯಾರೂ ಹೇಳಲ್ಲ, ಜುಲೈ ಬಂದಾಗ ಓಡಿಬರುತ್ತಾರೆ.

2026 ಏಪ್ರಿಲ್‌ನಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಸೆಕ್ಷನ್ ನಂಬರುಗಳು ಬದಲಾಗಿವೆ. ಮೇಲೆ ಹೇಳಿದ ತತ್ವ ಬದಲಾಗಿಲ್ಲ.

ತೋಟದಮನೆ
ಲೆಕ್ಕದಮ್ಮ ಅವರೇ, ಕೊಳ್ಳುವವರು ಪೂರ್ತಿ ಕ್ಯಾಶ್ ಕೊಡ್ತೀನಿ ಅಂದರೆ? ಅಡಿಕೆ ದುಡ್ಡು ಬಂದ ಕಾಲದಲ್ಲಿ ನಮ್ಮ ಕಡೆ ಎಲ್ಲಾ ಹಾಗೇ.

ಲೆಕ್ಕದಮ್ಮ
2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಕ್ಯಾಶ್ ತೆಗೆದುಕೊಳ್ಳೋ ಹಾಗಿಲ್ಲ. ಹಳೇ ಕಾಯ್ದೆಯಲ್ಲಿ 269ಎಸ್‌ಟಿ ಅಂತ ಇದ್ದ ನಿಯಮ. ಇವತ್ತು 1.90, ನಾಳೆ 1.85 ಅಂತ ಮುರಿದು ಕೊಟ್ಟರೂ ವ್ಯವಹಾರ ಒಂದೇ ಆದ್ದರಿಂದ ಒಂದೇ ಲೆಕ್ಕ. ದಂಡ ಬೀಳೋದು ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ. ಎಷ್ಟು ತೆಗೆದುಕೊಂಡಿರೋ ಅಷ್ಟೇ ದಂಡ. 3.75 ಕ್ಯಾಶ್ ತಗೊಂಡರೆ 3.75 ದಂಡ. ಅಡಿಕೆ ದುಡ್ಡಾದರೂ ಬ್ಯಾಂಕಿಗೆ ಹಾಕಿ ಆರ್‌ಟಿಜಿಎಸ್ ಮಾಡಲಿ ಸ್ವಾಮಿ.

ಯಾರ್ಡ್‌ಮಾಮ
ಇದೆಲ್ಲಾ ಪುಸ್ತಕದ ಮಾತು ಅಂತ ನಾನು ಹೇಳಲ್ಲ, ನನಗೂ ನೋಟಿಸ್ ಬರೋದು ಬೇಡ. ಆದರೆ ನನ್ನ ಪ್ರಶ್ನೆಗೆ ಉತ್ತರ ಕೊಡಿ. ಯಾರ್ಡಲ್ಲಿ ಮೂವತ್ತು ಗಾಡಿ ನಿಂತಿರುತ್ತೆ. ಮೂವತ್ತನ್ನೂ ನನ್ನ ಹೆಸರಿಗೆ ಮಾಡಿಸಿ, ಮೂವತ್ತಕ್ಕೂ ಒಂದೊಂದು ಓನರ್ ಜಾಸ್ತಿ ಮಾಡಿ ಮಾರಬೇಕಾ? ಯಾರು ಕೊಳ್ತಾರೆ?

ಕೋರ್ಟುಕಟ್ಟೆ
ನ್ಯಾಯವಾದ ಪ್ರಶ್ನೆ. ಅದಕ್ಕೇ ಕೇಂದ್ರದವರು 2022 ಡಿಸೆಂಬರ್‌ನಲ್ಲಿ ಅಧಿಕೃತ ಡೀಲರ್ ಅನ್ನುವ ನಿಯಮ ತಂದರು, 2023 ಏಪ್ರಿಲ್ 1ರಿಂದ ಜಾರಿ. ಆರ್‌ಟಿಒ ಹತ್ತಿರ ಅರ್ಜಿ ಹಾಕಿ ಅಧಿಕಾರ ಪತ್ರ ತೆಗೆದುಕೊಳ್ಳಬೇಕು, ಐದು ವರ್ಷ ನಡೆಯುತ್ತೆ. ಆಮೇಲೆ ಯಾರಾದರೂ ನಿಮಗೆ ಗಾಡಿ ಒಪ್ಪಿಸಿದರೆ ಇಬ್ಬರೂ ಸೇರಿ ಫಾರಂ 29ಸಿಯಲ್ಲಿ ಆನ್‌ಲೈನ್‌ನಲ್ಲೇ ತಿಳಿಸಬೇಕು. ಅಲ್ಲಿಂದ ನೀವು "ಡೀಮ್ಡ್ ಓನರ್". ಗಾಡಿಯಿಂದ ಏನೇ ಆದರೂ ಹೊಣೆ ನಿಮ್ಮದು, ಹಳೇ ಓನರ್ ಪಾರು. ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಡೂಪ್ಲಿಕೇಟ್ ಆರ್‌ಸಿ, ಟ್ರಾನ್ಸ್‌ಫರ್ ಅರ್ಜಿಗಳನ್ನು ನೀವೇ ಹಾಕಬಹುದು, ಹಳೇ ಓನರ್ ಹಿಂದೆ ಅಲೆಯೋದು ಬೇಡ.

ಒಂದು ಷರತ್ತು ಇದೆ, ಅದು ನಮ್ಮ ಯಾರ್ಡುಗಳಿಗೆ ಹಿಡಿಸಲ್ಲ. ಗಾಡಿಯನ್ನು ಟ್ರಯಲ್, ಡೆಮೊ, ಸರ್ವಿಸ್, ಪೇಂಟಿಂಗ್, ತಪಾಸಣೆಗೆ ಬಿಟ್ಟು ರಸ್ತೆಗೆ ಇಳಿಸೋ ಹಾಗಿಲ್ಲ. ಪ್ರತಿ ಓಡಾಟವನ್ನೂ ಟ್ರಿಪ್ ರಿಜಿಸ್ಟರಲ್ಲಿ ಬರೆಯಬೇಕು. ಯಾರ್ಡಿನ ಹುಡುಗರು ಭಾನುವಾರ ಗಿರಾಕಿ ಗಾಡಿಯಲ್ಲಿ ಜೋಗಕ್ಕೆ ಹೋಗೋದು ಬಂದ್.

ಯಾರ್ಡ್‌ಮಾಮ
ಹ್ಹಹ್ಹ ಜೋಗದ ಮಾತು ಬಿಡಿ ಸರ್. 29ಸಿ ಬಗ್ಗೆ ವಿಚಾರಿಸ್ತೀನಿ.

ಗಡಿನಾಡ ಹುಡುಗ
ನಾನು ಬೆಳಗಾವಿ ಕಡೆಯವನು. ನಮ್ಮಲ್ಲಿ ಕೊಳ್ಳುವವರು ಅರ್ಧ ಜನ ಕೊಲ್ಹಾಪುರದವರು. ಅವರಿಗೆ ಮಾರಿದರೆ ಎಷ್ಟು ತಾಪತ್ರಯ?

ಗ್ಯಾರೇಜ್ ಗಣಿತ
ಫಾರಂ 28ರಲ್ಲಿ ಎನ್‌ಒಸಿ ತೆಗೆಯಬೇಕು. ಬಾಕಿ ಚಲನ್, ಲೋನ್ ಯಾವುದೂ ಇರಬಾರದು. ಕೊಂಡವರು ಅಲ್ಲಿ ಮತ್ತೆ ರಿಜಿಸ್ಟರ್ ಮಾಡಿಸಿ, ಅಲ್ಲಿನ ತೆರಿಗೆ ಕಟ್ಟಬೇಕು. ಆ ಖರ್ಚನ್ನು ಅವರು ನಿಮ್ಮ ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ, ಅದು ಗೊತ್ತಿರಲಿ. ಬೇಗ ಮಾರಬೇಕು ಅನ್ನುವವರು ರಾಜ್ಯದೊಳಗೇ ಗಿರಾಕಿ ಹುಡುಕುವುದು ಒಳ್ಳೆಯದು.

ಇದೇ ಮಾತು ಉಲ್ಟಾ ಕಡೆಯಿಂದ. ದೆಹಲಿ ಗಾಡಿ ಅಗ್ಗ ಅಂತ ತಂದು ಇಲ್ಲಿ ಮಾರುವವರು ತುಂಬಾ ಜನ ಇದ್ದಾರೆ. ಅಲ್ಲಿ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಅಂತ ಬಂದಮೇಲೆ ಬೆಲೆ ಬಿತ್ತು. ಇಲ್ಲಿಗೆ ತಂದರೆ ಕರ್ನಾಟಕದ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು. ಹೊಸ ಕಾರಿಗೆ ನಮ್ಮಲ್ಲಿ 13ರಿಂದ 18 ಪರ್ಸೆಂಟ್ ತನಕ ಇದೆ, ಮೇಲೆ ಸೆಸ್. ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿನ ನಂಬರ್ ಬೇಕೇ ಬೇಕು, ಸೆಕ್ಷನ್ 47. "ಡಿಎಲ್ ನಂಬರಲ್ಲೇ ಓಡಿಸಿ, ಏನೂ ಆಗಲ್ಲ" ಅಂತ ಮಾರುವವರ ಮಾತು ಕೇಳಬೇಡಿ.

ಹೊಸಗೇರು
ಅಪ್‌ಡೇಟ್. ಪರಿಚಯದವರ ಜೊತೆ ಕೂತು ಮಾತಾಡಿದೆ. ಖಾಲಿ ಫಾರಂ ಬೇಡ ಅಂದೆ. ಅವರು ಹೊರಡುವ ಮುಂಚೆಯೇ ನನ್ನ ಹೆಸರಿಗೆ ಅರ್ಜಿ ಹಾಕುತ್ತಿದ್ದೇವೆ, ಓಟಿಪಿ ಎದುರಿಗೇ. ಸೆಕೆಂಡ್ ಓನರ್ ಆಗುವುದರಿಂದ ಬೆಲೆ ಬೀಳುತ್ತೆ ಅಂತ ತೋರಿಸಿ 3.05ಕ್ಕೆ ಇಳಿಸಿದೆ. ಎನ್‌ಸಿಬಿ ಪತ್ರದ ವಿಷಯ ಹೇಳಿದ್ದು ಕೆಲಸ ಮಾಡಿತು 🙏

ಎಂ-ಪರಿವಾಹನ್ ಆ್ಯಪಲ್ಲಿ ಗಾಡಿ ನಂಬರ್ ಹಾಕಿ ನೋಡಿದರೆ ಇನ್ನೊಂದು ಗೊತ್ತಾಯಿತು. ಲೋನ್ ಯಾವಾಗಲೋ ತೀರಿಸಿದ್ದಾರೆ, ಆದರೆ ಫೈನಾನ್ಸರ್ ಅಂತ ಬ್ಯಾಂಕಿನ ಹೆಸರು ಇನ್ನೂ ಹಾಗೇ ಕೂತಿದೆ.

ಗ್ಯಾರೇಜ್ ಗಣಿತ
ಎಚ್‌ಪಿ, ಅಂದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರಿನ ನಮೂದು, ಕ್ಯಾನ್ಸಲ್ ಮಾಡಿಸಿಲ್ಲ. ಬಹಳ ಜನ ಇಎಂಐ ಮುಗಿದರೆ ಎಲ್ಲಾ ಮುಗೀತು ಅಂದುಕೊಳ್ಳುತ್ತಾರೆ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ತೆಗೆದುಕೊಳ್ಳಲಿ. ಹಳೇದು ಬೀರುವಿನಲ್ಲಿದ್ದರೆ ದಿನಾಂಕ ನೋಡಿ. ಆ ಎನ್‌ಒಸಿ ಸಾಮಾನ್ಯವಾಗಿ ಮೂರು ತಿಂಗಳಷ್ಟೇ ನಡೆಯುತ್ತೆ, ಹೊಸದು ಕೇಳಬೇಕಾಗುತ್ತೆ. ಇದು ಆಗದೆ ಟ್ರಾನ್ಸ್‌ಫರ್ ಮುಂದಕ್ಕೆ ಹೋಗಲ್ಲ, ಆದ್ದರಿಂದ ನಾಳೆಯೇ ಬ್ಯಾಂಕಿಗೆ ಕಳಿಸಿ. 2016ರ ಗಾಡಿ ಅಂದಿರಿ, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್) ಪ್ಲೇಟ್ ಇದೆಯಾ? 2019 ಏಪ್ರಿಲ್‌ಗಿಂತ ಹಿಂದಿನದಕ್ಕೆ ಬೇರೆಯಾಗಿ ಹಾಕಿಸಬೇಕಿತ್ತು. ಬಾಕಿ ಚಲನ್ ಕೂಡ ನೋಡಿ, ದುಡ್ಡು ಕೊಡುವ ಮುಂಚೆ.

ಶುಲ್ಕದ ಬಗ್ಗೆ ಹೆದರಬೇಡಿ. ಕೇಂದ್ರದ ನಿಯಮದಲ್ಲಿ ಕಾರಿನ ಟ್ರಾನ್ಸ್‌ಫರಿಗೆ 300 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ 200. ಏಜೆಂಟ್ ಐದಾರು ಸಾವಿರ ಅಂದರೆ ಉಳಿದದ್ದು ಅವನ ಓಡಾಟದ ಕೂಲಿ, ಸರ್ಕಾರದ್ದಲ್ಲ.

ಅಜ್ಜನ ಅಂಬಾಸಿಡರ್
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ತಂದೆ ತೀರಿಕೊಂಡರು. ಅವರ ಹೆಸರಲ್ಲಿರುವ ಕಾರನ್ನು ಮಾರಬೇಕು. ಅಮ್ಮನ ಸೈನ್ ಹಾಕಿಸಿ 29-30 ಕೊಟ್ಟರೆ ಆಗುತ್ತಾ?

ಕೋರ್ಟುಕಟ್ಟೆ
ಆಗಲ್ಲ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು, ಆಮೇಲೆ ಮಾರಾಟ. ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ನಿಯಮ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟುಕೊಳ್ಳಿ. ತಂದೆಯ ಮೊಬೈಲ್ ನಂಬರ್ ಸದ್ಯಕ್ಕೆ ಬಂದ್ ಮಾಡಿಸಬೇಡಿ, ಓಟಿಪಿ ಅದಕ್ಕೇ ಬರಬಹುದು.

ಮಾರಿದವಳು
ಕೋರ್ಟುಕಟ್ಟೆ ಸರ್, ನೀವು ಹೇಳಿದ ಹಾಗೆ ಆರ್‌ಟಿಒಗೆ ಪತ್ರ ಕೊಟ್ಟು ಸೀಲ್ ಹಾಕಿಸಿಕೊಂಡೆ. ನೋಟಿಸ್ ತಲುಪಿದ ಮೇಲೆ ಯಾರ್ಡಿನವರು ತಾವಾಗೇ ಫೋನ್ ಮಾಡಿ ಕೊಂಡವರ ನಂಬರ್ ಕೊಟ್ಟಿದ್ದಾರೆ. ಇಷ್ಟು ದಿನ ಗೊತ್ತಿಲ್ಲ ಗೊತ್ತಿಲ್ಲ ಅನ್ನುತ್ತಿದ್ದವರು! ಇನ್ನೊಂದು ಪ್ರಶ್ನೆ. ಫಾಸ್ಟ್‌ಟ್ಯಾಗ್ ಇನ್ನೂ ನನ್ನ ಖಾತೆಯಲ್ಲೇ ಇದೆ. ತುಮಕೂರು ಟೋಲ್ ದಾಟಿದಾಗಲೆಲ್ಲಾ ನನ್ನ ದುಡ್ಡು ಹೋಗುತ್ತಿದೆ.

ಗ್ಯಾರೇಜ್ ಗಣಿತ
ಇವತ್ತೇ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಕ್ಲೋಸ್ ಮಾಡಿಸಿ ಮೇಡಂ. ಅದರ ಮುಂಚೆ ಟೋಲ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಡೆಲಿವರಿ ಕೊಟ್ಟಮೇಲೆ ಗಾಡಿ ಎಲ್ಲೆಲ್ಲಿ ಓಡಾಡಿದೆ ಅನ್ನೋದಕ್ಕೆ ಅದೂ ಒಂದು ದಾಖಲೆ. ಟ್ಯಾಗ್ ಕ್ಲೋಸ್ ಆದರೆ ಮುಂದಿನ ಟೋಲಲ್ಲಿ ಜಾಸ್ತಿ ಕಟ್ಟುವವರು ಅವರು. ಆಗ ನಿಮಗೆ ಅವರೇ ಫೋನ್ ಮಾಡ್ತಾರೆ ನೋಡಿ.